ಕೆಂಪು ಮುಚ್ಚಳದ ಡಬ್ಬಿ

ಬಣ್ಣದ ಕೋಣೆ,
ಜುಲೈ ೧೪, ಮಧ್ಯಾಹ್ನ

ಅಪ್ಪನ ಗುಬ್ಬೀ,

ಹೇಗಿದ್ದೀಯ? ವಾಂತಿ ಕಡಿಮೆಯಾಯಿತೇ, ಊಟ ಸೇರುತ್ತಿದೆಯೇ? ಅಳಿಯಂದಿರೇ ಪಾತ್ರೆ ತೊಳೆಯುತ್ತಿದ್ದಾರೆಂದು ಕೇಳಿ ಇಲ್ಲಿಂದಲೇ ಕೈಮುಗಿದೆ. ನನ್ನ ವಿಷಯಕ್ಕೆ ಬಂದರೆ, ನಲವತ್ತು ವರ್ಷ ನಾಟಕದ ರಾಜಾಧಿರಾಜರಿಗೆಲ್ಲ ಮೀಸೆ ಅಂಟಿಸಿದ ಈ ಕೈಗೆ ಈಗ ವಯಸ್ಸಾಗಿದೆ. ನಿನ್ನೆ ಮಹಾರಾಜನ ಎಡಮೀಸೆ ಕಣ್ಣಿನ ಕಡೆಗೆ ಏರಿಬಿಟ್ಟಿತು. "ಏನ್ ಗುರುಗಳೇ, ನನ್ನನ್ನ ಬೆಕ್ಕು ಮಾಡ್ಬಿಟ್ರಲ್ಲ" ಎಂದ. ಎಲ್ಲರೂ ನಕ್ಕರು. ನನಗೆ ನಗುವುದಕ್ಕೂ ದಣಿವು.

ನಮ್ಮ ಕೋಣೆಯ ಕೆಟ್ಟ ಅಭ್ಯಾಸ ನಿನಗೆ ಗೊತ್ತಲ್ಲ. ಬೆರಳಿಗೆ ಬೇಗ ಸಿಗಲೆಂದು ಎಲ್ಲವನ್ನೂ ಹಿಂಡಿ ಡಬ್ಬಿಗೆ ತುಂಬುವುದು, ಹೆಸರಿರುವ ಟ್ಯೂಬನ್ನು ಎಸೆಯುವುದು. ನಿನ್ನ ಮೊಡವೆಗೆ ಕೊಟ್ಟ ಬಿಳಿ ಡಬ್ಬಿಯೂ ಹಾಗೆಯೇ ಬಂದದ್ದು. ನೀನು ಬಸುರಾದೊಡನೆ ಡಾಕ್ಟರಮ್ಮ ಅದನ್ನು ಬಿಡಿಸಿದರು. ಮುಖದ ತುಂಬ ಗುಳ್ಳೆ ಎದ್ದು, "ಆಫೀಸಲ್ಲಿ ತಲೆ ಎತ್ತೋಕಾಗ್ತಿಲ್ಲಪ್ಪಾ" ಎಂದು ಫೋನಿನಲ್ಲಿ ಅತ್ತುಬಿಟ್ಟೆ. ಆಗ ನಾನು, ಬಣ್ಣ ಒರೆಸುವ ಕ್ರೀಮೆಂದು ಕೆಂಪು ಮುಚ್ಚಳದ ಡಬ್ಬಿ ಕಳಿಸಿದೆ. ಮುಖ ತಿಳಿಯಾಯಿತೆಂದು ಹಿಗ್ಗಿದೆ ನೀನು.

ಇವತ್ತು ಬೆಳಿಗ್ಗೆ ಔಷಧಿ ಅಂಗಡಿಯಲ್ಲಿ, ಬಿಳಿ ಡಬ್ಬಿಗೆ ಹಿಂಡುತ್ತಿದ್ದ ಆ ಮೊಡವೆ ಟ್ಯೂಬು ಕೊಳ್ಳುವಾಗ ಅಂಗಡಿಯಾಕೆ, ಮನೆಯಲ್ಲಿ ಬಸುರಿಯರಿದ್ದಾರಾ ಎಂದು ಕೇಳಿದಳು. ಮುಖಕ್ಕೆ ಹಚ್ಚುವುದು ಹೊಟ್ಟೆಗೇನು ಮಾಡೀತು ತಾಯಿ ಎಂದು ನಾನು ಗುಡುಗಿದೆ. "ಚರ್ಮ ಏನು ತಗಡಾ ಯಜಮಾನ್ರೇ? ಒಳಗೆ ಹೋಗೋದು ತುಂಬಾ ಕಡಿಮೆ, ಗೊತ್ತಿಲ್ಲದೆ ಹಚ್ಚಿದ್ರೆ ಗಾಬರಿ ಬೇಡ. ಆದ್ರೂ ಇದು ಎ ವಿಟಮಿನ್ ಜಾತಿದು, ಬಸಿರಲ್ಲಿ ಬೇಡ. ಹಚ್ಚಬಹುದಾದ ಬೇರೆ ಮುಲಾಮಿದೆ, ಡಾಕ್ಟರ್ ಬರೆದುಕೊಡ್ತಾರೆ" ಎಂದಳು. ಕೊನೆಯ ಸಾಲಿನ ಕಿವುಡನಿಗೂ ಕೇಳುವ ಕಂಠ ನನ್ನದು. ಆಗ ದುಡ್ಡೆಣಿಸಿಟ್ಟು, ಟ್ಯೂಬು ಜೇಬಿಗೆ ಹಾಕಿಕೊಂಡು ಹೊರಟುಬಂದೆ. ಆಮೇಲೆ ನಿನಗೆ ಮೂರು ಸಲ ಫೋನ್ ಮಾಡಿದೆ. ಮೂರು ಸಲವೂ ಊಟವಾಯಿತಾ ಎಂದು ಕೇಳಿ ಇಟ್ಟುಬಿಟ್ಟೆ.

ಲೈಟಿನವನು ನಿಮ್ಮೂರ ಬಸ್ಸು ಹತ್ತಲು ಬಾಗಿಲಲ್ಲೇ ನಿಂತಿದ್ದಾನೆ. ಸಂಜೆಯೊಳಗೆ ಈ ಕಾಗದವನ್ನು ನಿನ್ನ ಕೈಗೇ ಕೊಡುತ್ತಾನೆ. ನಿನಗೂ ಒಳಗೆ ಕೂತಿರುವ ಪುಟ್ಟ ಪ್ರೇಕ್ಷಕನಿಗೂ ಒಳ್ಳೆಯದಾಗಲಿ. ಅಳಿಯಂದಿರಿಗೆ ನಮಸ್ಕಾರ.

ನಿನ್ನ
ಅಪ್ಪ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಕೈ ಬರಲಿಲ್ಲ. ಕೆಂಪು ಮುಚ್ಚಳದ ಡಬ್ಬಿಯಲ್ಲಿರುವುದೂ ಬಿಳಿ ಡಬ್ಬಿಯದ್ದೇ. ನಿನ್ನ ಅಳು ತಡೆಯಲಾರದೆ ಸುಳ್ಳು ಹೇಳಿದೆ. ಇನ್ನು ಒಂದು ಬೆರಳೂ ಹಚ್ಚಬೇಡ. ಈ ಸಲ ಟ್ಯೂಬನ್ನು ಹಿಂಡಿಲ್ಲ, ಹೆಸರು ಸಮೇತ ಲಕೋಟೆಯಲ್ಲಿಟ್ಟಿದ್ದೇನೆ, ಹಚ್ಚಲು ಅಲ್ಲ, ನಾಳೆಯೇ ಡಾಕ್ಟರಮ್ಮನಿಗೆ ತೋರಿಸಲು. ಯಾರು ಕೊಟ್ಟರೆಂದು ಕೇಳಿದರೆ ನನ್ನ ಹೆಸರೇ ಹೇಳು. ಆಮೇಲೆ ಬೈಯಲಿಕ್ಕಾದರೂ ಫೋನ್ ಮಾಡು. ಊಟದ ಮಾತೆತ್ತುವುದಿಲ್ಲ.