ನೇರಳೆ ಹರಳಿನ ಮುರಿದ ಮೂಲೆ

ಮ್ಯೂಸಿಯಂ ಮೇಲ್ವಿಚಾರಕರಿಗೆ ನಮಸ್ಕಾರಗಳು.

ಹೋದ ಮಂಗಳವಾರ ಕಣ್ಣು ಕಾಣದ ನಮ್ಮ ಅತ್ತೆಗಾಗಿ ನೀವು ಗಾಜಿನ ಕಪಾಟಿನ ಬೀಗ ತೆಗೆದಿರಿ. ನಿಯಮ ಬದಿಗಿಟ್ಟು ಮಾಡಿದ ಆ ಉಪಕಾರವನ್ನು ನಾವು ಮರೆಯುವುದಿಲ್ಲ.

ಬೆಟ್ಟದ ರಸ್ತೆಗೆ ಕಲ್ಲು ಒಡೆಯುತ್ತಿದ್ದ ಕಾಲದಲ್ಲಿ ಆ ಕಪಾಟಿನ ನೇರಳೆ ಹರಳು ಸಿಕ್ಕಿದ್ದು ಅತ್ತೆಗೆ. ಮೇಸ್ತ್ರಿ ಅದನ್ನು ತಾನೇ ಹುಡುಕಿದೆನೆಂದು ಹೇಳಿ ಮ್ಯೂಸಿಯಂಗೆ ಕೊಟ್ಟ. ಅತ್ತೆ ಇದನ್ನು ಎಷ್ಟು ಸಲ ಹೇಳಿದರೂ ಮನೆಯಲ್ಲಿ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ, ನಾನೂ ಅಷ್ಟೆ.

ನೀವು ಹರಳನ್ನು ಕೈಗಿಡುವ ಮೊದಲೇ ಅವರು, "ಒಂದು ಮೂಲೆ ಮುರಿದಿರಬೇಕು ನೋಡಿ, ನನ್ನ ಸುತ್ತಿಗೆ ಏಟಿಗೆ ಹಾರಿಹೋಯ್ತು" ಅಂದರಲ್ಲ. ಆಮೇಲೆ ಹೆಬ್ಬೆರಳಿಂದ ತಡವುತ್ತಾ ಆ ಜಾಗ ಸಿಕ್ಕಿದಾಗ ಸುಮ್ಮನೆ ನಕ್ಕರು. ನನಗೆ ತಲೆ ಎತ್ತಲಾಗಲಿಲ್ಲ.

ಹರಳಿನ ಚೀಟಿಯಲ್ಲಿ ಇನ್ನು ಅವರ ಹೆಸರು ಹಾಕಿಸುತ್ತೇನೆ ಎಂದಿದ್ದೀರಿ. ಜೊತೆಗೆ ಅವರದೊಂದು ಕೋರಿಕೆ ಇದೆ. ಮೂಲೆ ಮುರಿದದ್ದು ತಾನೇ ಎಂದೂ ಅದರಲ್ಲಿ ಬರೆಸಬೇಕಂತೆ. "ಬೀಗ ತೆಗೆದು ಕೈಗೆ ಕೊಟ್ಟರಲ್ಲ, ಅಷ್ಟು ಒಳ್ಳೆ ಮನುಷ್ಯ. ಅವರು ಕೈಜಾರಿ ಬೀಳಿಸಿದ್ರು ಅಂತ ನಾಳೆ ಯಾರೂ ಆಡಿಕೊಳ್ಳಬಾರದು" ಅನ್ನುತ್ತಾರೆ.

ದಯವಿಟ್ಟು ಬರೆಸಿ.

ಇಂತಿ,
ಹರಳು ಹುಡುಕಿದವರ ಸೊಸೆ