ಪಿಟೀಲು ಹಿಡಿದ ದಾರಿ

ಏಪ್ರಿಲ್ 8, ಸೋಮವಾರ. ಸಂಜೆ 6.30

ಹನ್ನೊಂದು ಜೊತೆ ಕನ್ನಡಕದ ಲೆನ್ಸ್ ಮುಗಿಯಿತು. ಹನ್ನೆರಡನೆಯದರ ಅಂಚು ಚಕ್ಕೆ ಎದ್ದಿತು. ತಪ್ಪು ನನ್ನದೇ. ಮಸೆಯುವ ಕಲ್ಲಿಗೆ ಹಿಡಿದಾಗ ಕಣ್ಣು ಫೋನಿನ ಮೇಲಿತ್ತು. ಚಿಕ್ಕಮ್ಮನ ಮೂರು ಮಿಸ್ಡ್ ಕಾಲ್.

ಹೊಸ ಉದ್ದದ ಬಸ್ಸು ಓಡಿಸುವ ಟ್ರೈನಿಂಗಿಗೆ ಡಿಪೋದಿಂದ ಅವಳನ್ನು ಆರಿಸಿದ್ದಾರಂತೆ. ಬೇರೆ ಊರಿನಲ್ಲಿ, ಶನಿವಾರದವರೆಗೆ. ಹೋಗುವ ಡ್ರೈವರುಗಳಲ್ಲಿ ಅವಳೊಬ್ಬಳೇ ಹೆಂಗಸು. ಬೇಡ ಎನ್ನಲು ನನಗೆ ಬಾಯಿ ಬರಲಿಲ್ಲ.

"ಮಕ್ಕಳು ಮೂರೂ ನಿನ್ನ ಹತ್ರ ಇರ್ಲಿ ಕಣೋ. ಊಟ ಹಾಕು, ಹಲ್ಲುಜ್ಜಿಸು, ಸಾಕು. ಬೇರೇನೂ ಮಾಡಕ್ಕೆ ಹೋಗ್ಬೇಡ."

ಕೊನೆಯ ಮಾತನ್ನು ಒತ್ತಿ ಹೇಳಿದಳು. ನನಗಿಂತ ಎಂಟೇ ವರ್ಷ ದೊಡ್ಡವಳು, ನನ್ನನ್ನು ಚೆನ್ನಾಗಿ ಬಲ್ಲಳು. ಚಿಕ್ಕಪ್ಪ ಹೋದ ಮೇಲೆ ಮೂರು ವರ್ಷದಲ್ಲಿ ನನ್ನಿಂದ ಏನನ್ನಾದರೂ ಕೇಳಿದ್ದು ಇದೇ ಮೊದಲು.

ಏಪ್ರಿಲ್ 9, ಮಂಗಳವಾರ. ಸಂಜೆ

ಲಾಂಡ್ರಿಯ ಮೇಲಿನ ನನ್ನ ಎರಡು ಕೋಣೆ ಒಂದೇ ದಿನದಲ್ಲಿ ಚಿಂದಿ. ಕೆಳಗಿನ ಇಸ್ತ್ರಿಯ ಆವಿ ನೆಲದ ಸಂದಿಯಿಂದ ಬರುತ್ತದೆ ಎಂದು ಮೂವರೂ ನೆಲಕ್ಕೆ ಕೆನ್ನೆಯಿಟ್ಟು ಮಲಗಿದ್ದರು. ಲಾಂಡ್ರಿಯಮ್ಮ ಮೇಲೆ ಬಂದು ನೋಡಿ ಇಳಿದು ಹೋದಳು.

ದೊಡ್ಡವನಿಗೆ ಹನ್ನೆರಡು, ನಾನಿಟ್ಟ ಹೆಸರು ವಕೀಲ. ಹಲ್ಲುಜ್ಜು ಎಂದರೆ ಎರಡೂ ಕಡೆಯ ವಾದ ತಾನೇ ಮಂಡಿಸಿ, ತಾನೇ ತೀರ್ಪು ಕೊಟ್ಟು, ಉಜ್ಜದೆ ಮಲಗುತ್ತಾನೆ. ಕೊನೆಯವನು ಬಟಾಣಿ, ಐದು ವರ್ಷ. ಎಲ್ಲಿ ಬಿಟ್ಟರೂ ಉರುಳಿಕೊಂಡು ಹೋಗುತ್ತಾನೆ. ನಡುವಿನವಳು ಪಿಟೀಲು, ಒಂಬತ್ತು. ಬೆಳಿಗ್ಗೆ ಕುಯ್ಯಲು ಶುರು ಮಾಡಿದರೆ ಸಂಜೆವರೆಗೆ ಒಂದೇ ತಂತಿ. ದಿಂಬು ಗಟ್ಟಿ. ಹಾಲಿನಲ್ಲಿ ಕೆನೆ. ನಲ್ಲಿಯ ಸದ್ದು ಸರಿಯಿಲ್ಲ. ಇವತ್ತು ಎಣಿಸಿದೆ... ಮೂವತ್ತೊಂದು ದೂರು. ಆಮೇಲೆ ಎಣಿಸುವುದನ್ನು ಬಿಟ್ಟೆ.

ಹಾಗೆಂದು ಪೆದ್ದಿಯಲ್ಲ. ನಲ್ಲಿಯ ವಾಷರ್ ನಿಜವಾಗಿಯೂ ಹೋಗಿತ್ತು.

ಏಪ್ರಿಲ್ 10, ಬುಧವಾರ

ನಾಳೆ ಕಾಡಿಗೆ. ಕೊನೆಯ ಬಸ್ ಸ್ಟಾಪಿನಿಂದ ಹತ್ತು ನಿಮಿಷದ ನಡಿಗೆ, ಗೇಟು, ಗೇಟಿನಲ್ಲಿ ಒಬ್ಬ ಕಾವಲುಗಾರ್ತಿ, ಒಳಗೆ ನಾಲ್ಕು ಕಿಲೋಮೀಟರಿನ ಕಾಲುದಾರಿ. ಕೊನೆಯಲ್ಲಿ ಸಣ್ಣ ಜಲಪಾತ. ಅಂಗಡಿಯ ಯಜಮಾನರು ರಜೆ ಕೊಟ್ಟರು. "ಕಾಡಾ? ನೀವಾ?" ಎಂದು ಕನ್ನಡಕ ತೆಗೆದು ನೋಡಿದರು. ನಾನು ಏಣಿ ಹತ್ತಿ ಬಲ್ಬು ಬದಲಿಸಲೂ ಹೆದರುವವನು ಎಂದು ಅವರಿಗೆ ಗೊತ್ತು.

ಬೇರೇನೂ ಮಾಡಬೇಡ ಎಂದಿದ್ದಳು ಚಿಕ್ಕಮ್ಮ. ಅದಕ್ಕೇ ಹಟ ಬಂದಿರಬೇಕು.

ಏಪ್ರಿಲ್ 11, ಗುರುವಾರ. ಬೆಳಿಗ್ಗೆ 7.10

ಬ್ರೆಡ್ಡು, ಬೇಯಿಸಿದ ಮೊಟ್ಟೆ, ನೀರು ನಾಲ್ಕು ಬಾಟಲಿ. ಬಟಾಣಿಗೆ ಟೋಪಿ. ವಕೀಲ ಟಾರ್ಚು ಕೇಳುತ್ತಿದ್ದಾನೆ, ಹಗಲಿನಲ್ಲಿ! ಪಿಟೀಲಿಗೆ ಆಗಲೇ ಶೂ ಬಿಗಿ. ಬಸ್ಸು ಏಳೂವರೆಗೆ. ಹೊರಟೆವು.

ಏಪ್ರಿಲ್ 12, ಶುಕ್ರವಾರ. ಬೆಳಿಗ್ಗೆ 10. ಆಸ್ಪತ್ರೆ

ಬಲಗಾಲು ಮೊಣಕಾಲಿನವರೆಗೆ ಪ್ಲಾಸ್ಟರಿನಲ್ಲಿದೆ. ಪಾದದ ಗಂಟಿನಲ್ಲಿ ಎರಡು ಕಡೆ ಮುರಿದಿದೆ. ಹುಡುಗರು ಲಾಂಡ್ರಿಯಮ್ಮನ ಹತ್ತಿರ, ಮೂವರೂ ಕ್ಷೇಮ. ಮೊದಲು ಇದನ್ನು ಬರೆಯಬೇಕೆನಿಸಿತು. ಮೂವರೂ ಕ್ಷೇಮ.

ಈಗ ನಡೆದದ್ದು. ಕ್ರಮವಾಗಿ.

ಗೇಟಿನಿಂದಲೇ ಪಿಟೀಲು ಶುರು. ಶೂ ಬಿಗಿ. ಮೊದಲ ಬೆಂಚಿನಲ್ಲಿ ಬಾಯಾರಿಕೆ. ಕವಲೊಡೆದ ದೊಡ್ಡ ಮರದ ಕೆಳಗೆ ಮುಖಕ್ಕೆ ಜೇಡರ ಬಲೆ. ಬಿದ್ದ ದಿಮ್ಮಿ ದಾಟುವಾಗ ಅಂಗಿಯ ತೋಳು ಹರಿಯಿತು. ಬಿಳಿ ತೊಗಟೆಯ ಮರದ ಹತ್ತಿರ ಶೂ ಒಳಗೆ ಕಲ್ಲು. ನಿಲ್ಲಿಸಿ ತೆಗೆದದ್ದಾಯಿತು. ಮುಳ್ಳುಪೊದೆಯಲ್ಲಿ ಕೈ ಗೀರಿತು. ನಡುನಡುವೆ ಕಾಡು ಎಷ್ಟು ಚೆನ್ನಾಗಿತ್ತೆಂದು ಹೇಳಲೂ ಬಿಡಲಿಲ್ಲ ಹುಡುಗಿ. ಎಲೆಗಳ ಸಂದಿಯಿಂದ ಬಿಸಿಲು ಬಟಾಣಿಯ ಟೋಪಿಯ ಮೇಲೆ ಕುಣಿಯುತ್ತಿತ್ತು. ಒಂದು ಮರಕುಟಿಗವನ್ನು ನೋಡಿದೆವು. ಅದರ ಸದ್ದಿಗೆ ಬಟಾಣಿ "ಯಾರು?" ಎಂದ.

ದಾರಿ ಒಂದು ಕಡೆ ದೊಡ್ಡದಾಗಿ ಸುತ್ತಿ ಹೋಗುತ್ತದೆ. ವಕೀಲ ನಿಂತ. "ತ್ರಿಕೋನದ ಎರಡು ಬಾಹು ಯಾಕಣ್ಣಾ ನಡೀಬೇಕು? ನೇರ ಇಳಿದ್ರೆ ಜಲಪಾತ." ನನಗೂ ಸರಿಯೆನಿಸಿತು. ವಕೀಲ ಹೇಳಿದ್ದು ಯಾವಾಗಲೂ ಸರಿಯೆನಿಸುತ್ತದೆ, ಕಷ್ಟ ಅದೇ.

"ಇಲ್ಲಿ ದಾರೀನೇ ಇಲ್ಲ," ಎಂದಳು ಪಿಟೀಲು. "ನಂಗೆ ಭಯ ಆಗತ್ತೆ. ವಾಪಸ್ ಹೋಗೋಣ."

ಭಯ ನನಗೂ ಇತ್ತು. ಅದನ್ನು ಅವಳು ಗಟ್ಟಿಯಾಗಿ ಹೇಳಿಬಿಟ್ಟಳು. ರೇಗಿತು.

"ಇನ್ನೊಂದ್ ಸಲ ಬಾಯಿ ಬಿಟ್ರೆ ನಿನ್ನ ಇಲ್ಲೇ ಬಿಟ್ಟು ಹೋಗ್ತೀನಿ ನೋಡು."

ತುಟಿ ಮುಚ್ಚಿದಳು. ಆಮೇಲೆ ಒಂದು ಸದ್ದಿಲ್ಲ. ಸದ್ಯ, ಎಂದುಕೊಂಡೆ. ಹಾಗೆ ಅಂದುಕೊಂಡದ್ದನ್ನೂ ಬರೆಯಬೇಕು.

ನರ್ಸ್ ಬಂದರು. ಆಮೇಲೆ.

ಅದೇ ದಿನ, ಮಧ್ಯಾಹ್ನ 3

ಇಪ್ಪತ್ತು ನಿಮಿಷ ಇಳಿದೆವು. ಹಳ್ಳ ಸಿಕ್ಕಿತು, ಜಲಪಾತವಲ್ಲ. ಮಂಜು ಇಳಿಯಿತು, ಯಾರೋ ಪರದೆ ಎಳೆದ ಹಾಗೆ. ವಾಪಸ್ ಹತ್ತೋಣ ಎಂದು ತಿರುಗಿದೆ, ಪಾಚಿಗಟ್ಟಿದ ಕಲ್ಲಿನ ಮೇಲೆ ಕಾಲಿಟ್ಟೆ. ಪಾದ ಎರಡು ಬಂಡೆಗಳ ನಡುವೆ ಸಿಕ್ಕಿತು, ದೇಹ ಇನ್ನೊಂದು ಕಡೆ ಹೋಯಿತು. ಒಣಕಟ್ಟಿಗೆ ಮುರಿದಂಥ ಸದ್ದು. ಫೋನು ನೀರಿಗೆ.

ವಕೀಲ ಬಂಡೆಗೆ ಒದ್ದು, ತಳ್ಳಿ, ಹೇಗೋ ನನ್ನ ಕಾಲು ಬಿಡಿಸಿದ. ಬ್ಯಾಗಿನ ಪಟ್ಟಿಯಿಂದ ಕಾಲಿಗೆ ಎರಡು ಕೋಲು ಕಟ್ಟಿದ. ಶಾಲೆಯಲ್ಲಿ ಹೇಳಿಕೊಟ್ಟಿದ್ದರಂತೆ. ಗಂಟು ಸರಿಯಾಗಿ ಬಿತ್ತು. ಆಗ ಹನ್ನೊಂದೂಕಾಲು. ಸುತ್ತ ಹತ್ತು ಹೆಜ್ಜೆಗಿಂತ ಆಚೆ ಏನೂ ಕಾಣದು. ಕೂಗಿ ನೋಡಿದೆವು. ಮಂಜು ಕೂಗನ್ನು ನುಂಗಿತು. ಕಾಲು ಕಪ್ಪಾಗುತ್ತಿತ್ತು. ಯಾರಾದರೂ ಹೋಗಲೇಬೇಕು.

"ನಾನು ಹೋಗ್ತೀನಿ. ಬಲಗಡೆ ಹತ್ತಿದ್ರೆ ದಾರಿ," ಎಂದ ವಕೀಲ.

"ಅಲ್ಲ," ಎಂದಳು ಪಿಟೀಲು. ನಾನು ಬೈದ ಮೇಲೆ ಮೊದಲ ಮಾತು. ಕಣ್ಣು ಊದಿಕೊಂಡಿತ್ತು. "ಬಲಗಡೆ ಅಲ್ಲ. ಬರೋವಾಗ ನೀರಿನ ಸದ್ದು ಎಡಗಿವೀಲಿ ಕೇಳ್ತಿತ್ತು. ಹೋಗೋವಾಗ ಬಲಗಿವೀಲಿ ಕೇಳಬೇಕು."

"ನಿಂಗೇನು ಗೊತ್ತು?"

"ಮುಳ್ಳುಪೊದೆ ಸಿಕ್ಕಿದ್ರೆ ಆಮೇಲೆ ಎಲ್ಲಾ ಗೊತ್ತು." ಬೆರಳು ಮಡಿಚಿದಳು. "ಕೈ ಗೀರಿದ್ದು. ಆಮೇಲೆ ಶೂ ಒಳಗೆ ಕಲ್ಲು, ಬಿಳಿ ಮರ. ಅಲ್ಲಿ ಎಡಕ್ಕೆ. ತೋಳು ಹರಿದದ್ದು, ದಿಮ್ಮಿ. ಜೇಡರ ಬಲೆ, ಕವಲು ಮರ. ಬಾಯಾರಿಕೆ, ಬೆಂಚು. ಗೇಟು."

ಇಡೀ ದಾರಿ ಅವಳ ಬಾಯಲ್ಲಿತ್ತು. ನಾವು ಮರ ನೋಡಿದ್ದೆವು, ಹಕ್ಕಿ ನೋಡಿದ್ದೆವು. ಹೆದರಿದವಳು ಪ್ರತಿ ತಿರುವನ್ನೂ ನೋಡಿಕೊಂಡು ಬಂದಿದ್ದಳು.

"ಮುಳ್ಳುಪೊದೆಯಿಂದ ಇಲ್ಲಿವರೆಗೆ?" ಎಂದು ಕೇಳಿದೆ.

ತಲೆ ತಗ್ಗಿಸಿದಳು. "ಅದು ಗೊತ್ತಿಲ್ಲ. ಅಳ್ತಾ ಬಂದೆ. ಕಣ್ಣು ಕಾಣ್ತಿರಲಿಲ್ಲ. ಕಿವಿ ಮಾತ್ರ ಕೇಳ್ತಿತ್ತು."

ಕಾಲಿನ ನೋವು ಒಂದು ಕ್ಷಣ ಮರೆತೇಹೋಯಿತು. ಇಡೀ ದಾರಿಯಲ್ಲಿ ಅವಳಿಗೆ ಗೊತ್ತಿಲ್ಲದ್ದು ಅದೊಂದೇ ತುಂಡು. ಅದನ್ನು ಅಳಿಸಿಹಾಕಿದವನು ನಾನು.

ಒಬ್ಬಳನ್ನೇ ಕಳಿಸಲಾರೆ. ಇಬ್ಬರನ್ನೂ ಕಳಿಸಿದರೆ, ತಪ್ಪಿದರೆ, ಚಿಕ್ಕಮ್ಮನಿಗೆ ಏನೆಂದು ಹೇಳಲಿ? ಯೋಚಿಸಲು ಸಮಯವಿರಲಿಲ್ಲ. "ಇಬ್ರೂ ಹೋಗಿ. ಅವಳು ಹೇಳಿದ ಕಡೆ," ಎಂದೆ.

ವಕೀಲ ವಾದಿಸುತ್ತಾನೆ ಎಂದುಕೊಂಡೆ. ಬಾಯಿ ತೆರೆದ. ಮುಚ್ಚಿದ. "ನಡಿ, ನೀನು ಮುಂದೆ," ಎಂದ ತಂಗಿಗೆ. ಆ ಹುಡುಗ ಇನ್ನೊಬ್ಬರನ್ನು ಮುಂದೆ ಬಿಟ್ಟದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ.

ಪಿಟೀಲು ಹೊರಡಲಿಲ್ಲ. ನಿಂತೇ ಇದ್ದಳು. "ನಂಗೆ ತುಂಬಾ ಭಯ ಆಗ್ತಿದೆ," ಎಂದಳು. ಹೇಳಿ, ತಿರುಗಿ, ಬಲಗಿವಿಯನ್ನು ಹಳ್ಳದ ಕಡೆಗೆ ಮಾಡಿಕೊಂಡು ಮಂಜಿನೊಳಗೆ ನಡೆದಳು.

ಅದೇ ದಿನ, ಸಂಜೆ 5

ಕೈ ನೋಯುತ್ತಿದೆ, ಆದರೂ ಬರೆದು ಮುಗಿಸುತ್ತೇನೆ.

ಎರಡು ಗಂಟೆ ನಲವತ್ತು ನಿಮಿಷ. ಬಟಾಣಿ ನನ್ನ ಹೆಬ್ಬೆರಳು ಹಿಡಿದು ಪಕ್ಕದಲ್ಲಿ ಕೂತ. ಮೊಟ್ಟೆ ತಿನ್ನುವಾಗಲೂ ಬಿಡಲಿಲ್ಲ.

"ಬಿಡೋ, ಕೈ ಜೋಮು ಹಿಡೀತು."

"ಬಿಟ್ರೆ ನೀನು ಕಳೆದುಹೋಗ್ತೀಯ."

ಉಚ್ಚೆಗೂ ಹಾಗೇ, ಒಂದೇ ಕೈಯಲ್ಲಿ, ನನ್ನ ಹೆಬ್ಬೆರಳಿನ ಸಮೇತ. ನಕ್ಕೆ. ನಕ್ಕದ್ದಕ್ಕೆ ಕಾಲು ಝುಮ್ಮೆಂದಿತು. ಅವನೂ ನಕ್ಕ. ಮಂಜಿನಲ್ಲಿ ಎಲ್ಲ ಕಡೆಯಿಂದಲೂ ನೀರಿನ ಸದ್ದು ಬರುತ್ತಿದೆ ಎನಿಸಿತು ನನಗೆ. ಯಾವ ಕಿವಿ ಎಂದು ಎಷ್ಟು ಪ್ರಯತ್ನಪಟ್ಟರೂ ತಿಳಿಯಲಿಲ್ಲ. ಅವಳಿಗೆ ಹೇಗೆ ತಿಳಿಯುತ್ತಿದೆಯೋ... ಆ ಯೋಚನೆ ಬಂದಾಗಲೆಲ್ಲ ಬಟಾಣಿಗೆ ಒಂದು ಕಥೆ ಹೇಳಿದೆ. ಒಂದೂ ಮುಗಿಸಲಿಲ್ಲ.

ಎರಡಕ್ಕೆ ಐದು ನಿಮಿಷವಿದ್ದಾಗ ಸೀಟಿ ಕೇಳಿತು. ಕಾವಲುಗಾರ್ತಿ, ಹಿಂದೆ ನನ್ನನ್ನು ಒಯ್ಯಲು ಹಲಗೆ ಹೊತ್ತ, ಗೇಟಿನ ಹತ್ತಿರ ಕೆಲಸದಲ್ಲಿದ್ದ ಇಬ್ಬರು ಮರಗೆಲಸದವರು, ಜೊತೆಗೆ ವಕೀಲ. ಎಲ್ಲರಿಗಿಂತ ಮುಂದೆ ಪಿಟೀಲು, ಮೊಣಕಾಲಿನವರೆಗೆ ಕೆಸರು, ಶೂ ಕೈಯಲ್ಲಿ. ಬಿಗಿಯಾಗಿತ್ತಲ್ಲ, ಬಿಚ್ಚಿದ್ದಳು.

ಕಾವಲುಗಾರ್ತಿ ನನ್ನ ಕಾಲು ನೋಡಿ ನಾಲಗೆ ಲೊಚಗುಟ್ಟಿದಳು. "ಈ ದಾರಿಬಿಟ್ಟ ಜಾಗಕ್ಕೆ ನಮ್ಮವರೇ ಮಂಜಿನಲ್ಲಿ ಬರಲ್ಲ ಸ್ವಾಮೀ. ಈ ಮಗು ಗೇಟಿಂದ ಇಲ್ಲಿವರೆಗೂ ಗೊಣಗ್ತಾನೇ ಬಂತು. ಒಂದ್ ಕಡೆ ತಪ್ಪಲಿಲ್ಲ."

ಗೇಟಿಗೆ ಹೋಗುವಾಗ ಮುಳ್ಳುಪೊದೆಯ ಮೊದಲು ಎರಡು ಸಲ ನಿಂತು ಹಿಂದಕ್ಕೆ ಬಂದಳಂತೆ. ವಕೀಲ ಹೇಳಿದ್ದು ಇದು. ಸದ್ದು ಸಣ್ಣದಾದರೆ "ಇದಲ್ಲ" ಎಂದು ಹಿಂದೆ, ಮತ್ತೆ ಸಿಗುವವರೆಗೆ. ಅವನು ಬಾಯಿ ಬಿಟ್ಟರೆ "ಸುಮ್ನಿರು, ಕೇಳಿಸ್ತಿಲ್ಲ" ಎಂದು ಗದರಿದಳಂತೆ. ಹೇಳುವಾಗ ವಕೀಲನ ಮುಖ ನೋಡಬೇಕಿತ್ತು. ಹೆಮ್ಮೆಯಿಂದ ಹೊಳೆಯುತ್ತಿತ್ತು.

ಏಪ್ರಿಲ್ 13, ಶನಿವಾರ. ಸಂಜೆ

ಚಿಕ್ಕಮ್ಮನ ಟ್ರೈನಿಂಗಿನ ಟೆಸ್ಟ್ ಇವತ್ತು ನಾಲ್ಕಕ್ಕೆ ಮುಗಿಯುವವರೆಗೆ ತಿಳಿಸಿರಲಿಲ್ಲ. ಲಾಂಡ್ರಿಯಮ್ಮ ಹೇಳೆಂದಳು, ನಾನು ಬೇಡವೆಂದೆ. ಸರಿಯೋ ತಪ್ಪೋ ಗೊತ್ತಿಲ್ಲ. ನಾಲ್ಕೂವರೆಗೆ ಆಸ್ಪತ್ರೆಯ ಫೋನಿನಿಂದ ಹೇಳಿದೆ. ಪಾಸಾಗಿದ್ದಾಳೆ. ಆ ಖುಷಿ ಅವಳ ಧ್ವನಿಯಲ್ಲಿ ಒಂದು ನಿಮಿಷವೂ ಉಳಿಯಲಿಲ್ಲ.

ಏಪ್ರಿಲ್ 14, ಭಾನುವಾರ

ಬಂದಳು. ಯೂನಿಫಾರಂ ಕೂಡ ಬದಲಿಸದೆ ಚಿಕ್ಕಮ್ಮ ನೇರ ಆಸ್ಪತ್ರೆಗೆ. ಹುಡುಗರನ್ನು ಲಾಂಡ್ರಿಯಮ್ಮ ಆಗಲೇ ಕರೆತಂದಿದ್ದಳು. ಮೂವರನ್ನೂ ತಲೆಯಿಂದ ಕಾಲಿನವರೆಗೆ ಸವರಿ ನೋಡಿ, ಆಮೇಲೆ ನನ್ನ ಕಡೆ ತಿರುಗದೆ ಪಿಟೀಲಿಗೆ "ಹೇಳು" ಎಂದಳು.

ಹುಡುಗಿ ಎಲ್ಲ ಹೇಳಿದಳು. ಬೈದದ್ದೊಂದು ಬಿಟ್ಟು. ಮುಳ್ಳುಪೊದೆಯ ಹತ್ತಿರ ಬಂದು, ನನ್ನ ಕಡೆ ನೋಡಿ, ಅದನ್ನು ಹಾರಿಸಿ ಮುಂದೆ ಹೋದಳು. ನನ್ನನ್ನು ಉಳಿಸುತ್ತಿದ್ದಾಳೆ! ಒಂಬತ್ತು ವರ್ಷದವಳು.

"ಅಲ್ಲಿ ನಾನು ಬೈದೆ," ಎಂದೆ. "ಬಿಟ್ಟು ಹೋಗ್ತೀನಿ ಅಂದೆ. ಅದಕ್ಕೇ ಅಳ್ತಾ ಬಂದಳು, ಅದಕ್ಕೇ ಆ ತುಂಡು ಅವಳಿಗೆ ಗೊತ್ತಿರಲಿಲ್ಲ."

ಚಿಕ್ಕಮ್ಮ ಮಗಳನ್ನು ಹತ್ತಿರ ಎಳೆದುಕೊಂಡಳು. ಆಮೇಲೆ ನಾಲ್ಕೇ ಮಾತು. "ಅಪ್ಪ ಇಲ್ಲದ ಮಗು ಕಣೋ. ಬಿಟ್ಟು ಹೋಗೋದು ಅಂದ್ರೆ ಅದಕ್ಕೆ ಬೆದರಿಕೆ ಅಲ್ಲ, ಗೊತ್ತಿರೋ ವಿಷಯ."

ಮಕ್ಕಳನ್ನು ಕರೆದುಕೊಂಡು ಹೋದಳು. ಬಟಾಣಿ ಬಾಗಿಲಿನಿಂದ ಹೆಬ್ಬೆರಳು ತೋರಿಸಿದ.

ಮೇ 2, ಗುರುವಾರ

ಅಂಗಡಿಗೆ ಹೋಗಲು ಶುರು. ಸ್ಟೂಲಿನ ಮೇಲೆ ಕಾಲು ಚಾಚಿ ಕೆಲಸ. ಆರು ಜೊತೆ. ಚಿಕ್ಕಮ್ಮನ ಫೋನಿಲ್ಲ. ಹದಿನೆಂಟು ದಿನವಾಯಿತು. ಮಾಡುವ ಧೈರ್ಯ ನನಗಿಲ್ಲ.

ಮೇ 9, ಗುರುವಾರ

ಫೋನ್! ಚಿಕ್ಕಮ್ಮ. "ಆ ಕಾಡು ನಾನು ನೋಡ್ಬೇಕು. ಅವಳೇ ತೋರಿಸ್ತಾಳಂತೆ. ಭಾನುವಾರ ನೀನೂ ಬಾ, ಗೇಟಲ್ಲಿ ಕೂತ್ಕೊಂಡಿರು." ಅಷ್ಟೇ. ಇಟ್ಟುಬಿಟ್ಟಳು.

ಮೇ 12, ಭಾನುವಾರ. ಬೆಳಿಗ್ಗೆ 11.20. ಗೇಟಿನ ಬೆಂಚು

ಬಿಸಿಲು. ನಾಲ್ವರೂ ಒಳಗೆ ಹೋಗಿ ಗಂಟೆಯ ಮೇಲಾಯಿತು. ಕಾವಲುಗಾರ್ತಿ ಟೀ ಕೊಟ್ಟಳು.

ಒಳಗೆ ಹೋಗುವ ಮೊದಲು ಪಿಟೀಲನ್ನು ಪಕ್ಕಕ್ಕೆ ಕರೆದು ಹೇಳಿದೆ, ಅಂದು ನಾನು ಹಾಗೆ ಅಂದದ್ದು ತಪ್ಪು ಎಂದು. ಪರವಾಗಿಲ್ಲ ಎನ್ನುತ್ತಾಳೆ ಎಂದುಕೊಂಡಿದ್ದೆ. ಯೋಚಿಸಿ, "ಹೂಂ, ತಪ್ಪು," ಎಂದಳು. ಅದೇ ಸರಿ. ಅದಕ್ಕಿಂತ ಕಡಿಮೆ ಹೇಳಿದ್ದರೆ ನಾನು ನಂಬುತ್ತಿರಲಿಲ್ಲ.

ಬಂದರು. ಚಿಕ್ಕಮ್ಮನ ಕಣ್ಣು ಕೆಂಪಗಿದೆ, ನಗುತ್ತಿದ್ದಾಳೆ. ವಕೀಲ ಹಿಂದೆ, ಬಟಾಣಿ ಅಮ್ಮನ ಹೆಗಲ ಮೇಲೆ.

ಪಿಟೀಲು ನೇರ ನನ್ನ ಮುಂದೆ ನಿಂತಿದ್ದಾಳೆ. "ಅಣ್ಣಾ, ಕವಲು ಮರದವರೆಗೆ ಬಾ. ನೆಲ ಮಟ್ಟ ಇದೆ, ನೋಡ್ಕೊಂಡು ಬಂದೆ. ಎಡವೋ ಕಲ್ಲು ಎರಡೇ. ಅವು ಬಂದಾಗ ಹೇಳ್ತೀನಿ."

ಆಗುವುದಿಲ್ಲ, ಹೆದರಿಕೆ ಎಂದೆ. ನಿಜವನ್ನೇ ಹೇಳಿದೆ.

"ನಂಗೂ," ಎಂದಳು. ಊರುಗೋಲು ಎತ್ತಿ ಹಿಡಿದು ಕಾಯುತ್ತಿದ್ದಾಳೆ. ಚಿಕ್ಕಮ್ಮ ಬೆಂಚಿನಿಂದ ನನ್ನ ಬ್ಯಾಗು ತೆಗೆದುಕೊಂಡಳು. ಈ ಪುಸ್ತಕ ಕೂಡ ಕೇಳುತ್ತಿದ್ದಾಳೆ, ಕೊಟ್ಟುಬಿಡಬೇಕು, ಎರಡೂ ಕೈ ಬೇಕಾಗುತ್ತದೆ, ಬಂದ ಮೇಲೆ—