ಸದ್ದು ಮಾಡದ ಮನೆಗಾಡಿ

ಗಾಡಿ ಷೆಡ್ಡಿನಿಂದ,
ಭಾನುವಾರ, ಹದಿನಾಲ್ಕನೇ ತಾರೀಖು

ಪ್ರೀತಿಯ ತಂಗಿಗೆ,

ಹೇಗಿದ್ದೀಯ? ಬ್ಯಾಟರಿ ಕಾರ್ಖಾನೆಯಲ್ಲಿ ಹೊತ್ತುಹೊತ್ತಿಗೆ ಊಟ ಮಾಡುತ್ತೀಯೋ, ಕೆಲಸ ಸಿಕ್ಕರೆ ಹಸಿವೇ ಮರೆತುಬಿಡುತ್ತೀಯೋ? ನಿನ್ನ ಬೆನ್ನುನೋವು ಕಡಿಮೆಯಾಯಿತೇ? ಅಮ್ಮ ಆರಾಮಾಗಿದ್ದಾಳೆ. ಮಂಡಿ ಮಾತ್ರ ಅವಳ ಮಾತು ಕೇಳುತ್ತಿಲ್ಲ, ಅವಳು ಡಾಕ್ಟರ ಮಾತು ಕೇಳುತ್ತಿಲ್ಲ. ಫೋನಿನಲ್ಲಿ ನಮ್ಮಿಬ್ಬರ ಮಾತು ಆ ಮಂಡಿಯಿಂದ ಆಚೆಗೆ ಹೋಗುವುದೇ ಇಲ್ಲ. ಅದಕ್ಕೇ ಈ ಕಾಗದ.

ನೀನು ಹೇಳಿದ ಹೈಬ್ರಿಡ್ ಗಾಡಿಯನ್ನು ಕಟ್ಟಿದೆ ಕಣೇ. ಎರಡು ವರ್ಷದ ಹಿಂದೆ ಅಪ್ಪನಿಗಾಗಿ ಹಳೆಯ ಬಸ್ಸಿನೊಳಗೆ ಮಂಚ, ಒಲೆ ಎಲ್ಲ ಕೂರಿಸಿ ಮನೆಗಾಡಿ ಮಾಡುತ್ತಿದ್ದಾಗ, ನೀನು ಒಂದು ನಕ್ಷೆ ತಂದು ಮೇಜಿನ ಮೇಲೆ ಹರವಿದ್ದೆ. ಚಿಕ್ಕ ಎಂಜಿನ್ ಸಾಕು, ನೆಲದಡಿ ಬ್ಯಾಟರಿ, ಚಕ್ರಕ್ಕೆ ಮೋಟರು. ಇಳಿಜಾರಿನಲ್ಲಿ ಬ್ರೇಕ್ ಒತ್ತಿದರೆ ಒಂದಿಷ್ಟು ಕರೆಂಟು ಬ್ಯಾಟರಿಗೆ ವಾಪಸ್ಸು. ನಿಂತ ಕಡೆ ಎಂಜಿನ್ ಆರಿಸಿ, ಅಪ್ಪನ ಉಸಿರಾಟದ ಯಂತ್ರವನ್ನು ಬ್ಯಾಟರಿಯಲ್ಲೇ ಓಡಿಸಬಹುದು ಎಂದು ವಿವರಿಸಿದ್ದೆ. ನಾನೋ, ಇಪ್ಪತ್ತು ವರ್ಷ ಡೀಸೆಲ್ಲಿನಲ್ಲಿ ಕೈ ಅದ್ದಿದವನು. ಅಷ್ಟು ಭಾರ ಹೊತ್ತು ಗಾಡಿ ದಿಬ್ಬ ಹತ್ತುತ್ತದೆಯೇ ಎಂದು ಕೇಳಿದ್ದರೆ ತಪ್ಪಿರಲಿಲ್ಲ. ಆದರೆ ಬಡಗಿ, ವೆಲ್ಡರು ಎಲ್ಲರೆದುರು, "ಇದು ಆಟದ ಸಾಮಾನಲ್ಲ. ನೀನು ಪರದೆಗೆ ಬಣ್ಣ ಆರಿಸು, ಸಾಕು" ಅಂದುಬಿಟ್ಟೆ. ಅವರು ನಕ್ಕರು. ನೀನು ನಕ್ಷೆಯನ್ನು ಅಲ್ಲೇ ಬಿಟ್ಟು ಹೋದೆ. ತಿಂಗಳೊಳಗೆ ಊರನ್ನೂ ಬಿಟ್ಟೆ.

ಆಮೇಲಿನದನ್ನು ನಿನಗೆ ಪೂರ್ತಿ ಹೇಳಿಲ್ಲ. ಜೀವನವಿಡೀ ಲಾರಿ ಓಡಿಸಿದರೂ ಎಲ್ಲೂ ನಿಂತು ನೋಡದ ಮನುಷ್ಯ ಅಪ್ಪ. ಸರೋವರದ ದಡದಲ್ಲಿ ಅಮ್ಮನ ಜೊತೆ ಒಂದು ದಿನ ಸುಮ್ಮನೆ ಕೂರಬೇಕೆಂಬ ಆಸೆ ಅವರಿಗೆ. ಕರೆದೊಯ್ದೆ. ಉಸಿರಾಟದ ಯಂತ್ರ ಓಡಬೇಕಾದರೆ ನಾನು ಗಾಡಿಗೆ ಕೂರಿಸಿದ್ದ ಡೀಸೆಲ್ ಜನರೇಟರೂ ಓಡಲೇಬೇಕಿತ್ತು. ಅದರ ದಡದಡ ಸದ್ದಿಗೆ ಅಮ್ಮನ ಮಾತು ಅಪ್ಪನಿಗೆ ಕೇಳಿಸಲೇ ಇಲ್ಲ. ಅಷ್ಟರಲ್ಲಿ ಗಾಳಿ ತಿರುಗಿ ಹೊಗೆ ಒಳಗೆ ನುಗ್ಗಿತು. ಕೆಮ್ಮಿ ಕೆಮ್ಮಿ ಅವರ ತುಟಿ ನೀಲಿಗಟ್ಟಿತು. "ತಿರುಗಿಸಪ್ಪಾ, ಮನೆಗೆ ಹೋಗೋಣ" ಅಂದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಮತ್ತೆ ಹೊರಡುವಷ್ಟು ಅವರು ಚೇತರಿಸಿಕೊಳ್ಳಲಿಲ್ಲ. ಅವರು ತೀರಿಕೊಂಡಾಗ ನೀನು ಬಂದಿದ್ದೆಯಲ್ಲ, ಆಗಲೇ ಹೇಳಬೇಕೆಂದು ಬಾಯಿವರೆಗೆ ಬಂತು, ನುಂಗಿಕೊಂಡೆ.

ಈ ವರ್ಷ ಜನರೇಟರನ್ನು ಕಿತ್ತುಹಾಕಿ, ನಿನ್ನ ನಕ್ಷೆ ಹಿಡಿದು ಕೂತೆ. ಭಾರದ ವಿಷಯದಲ್ಲಿ ನಾನು ಪೂರಾ ದಡ್ಡನಲ್ಲ. ಒಂದು ಬಟ್ಟೆ ಬೀರು ತೆಗೆದುಹಾಕಿ ನೀರಿನ ಟ್ಯಾಂಕನ್ನು ಅರ್ಧ ಮಾಡಬೇಕಾಯಿತು. ಆದರೆ ಗಾಡಿ ದಿಬ್ಬ ಹತ್ತಿತು. ಹೋದ ವಾರ ಅಮ್ಮನನ್ನು ಅದೇ ದಡಕ್ಕೆ ಕರೆದೊಯ್ದು ಎಂಜಿನ್ ಆರಿಸಿದೆ. ಫ್ಯಾನು ತಿರುಗುತ್ತಿತ್ತು, ಕರೆಂಟಿನ ಒಲೆಯ ಮೇಲೆ ಟೀ ಕುದಿಯುತ್ತಿತ್ತು. ಅಮ್ಮ ಗಾಬರಿಯಾಗಿ, "ಗಾಡಿ ಕೆಟ್ಟೋಯ್ತಾ?" ಅಂದಳು. ಇಲ್ಲಮ್ಮ, ಇದು ಇರುವುದೇ ಹೀಗೆ ಅಂದೆ. ಟೀ ಲೋಟ ಹಿಡಿದು ನೀರಿನ ಕಡೆ ತಿರುಗಿ ಕೂತಳು. ಆಮೇಲೆ, "ಆವತ್ತು ಹೀಗಿದ್ದಿದ್ರೆ ನಾನಂದಿದ್ದು ಅವರಿಗೆ ಕೇಳಿಸ್ತಿತ್ತು" ಅಂದಳು. ಏನಂದಿದ್ದಳೋ, ಕೇಳುವ ಧೈರ್ಯ ನನಗೆ ಬರಲಿಲ್ಲ.

ಅಮ್ಮನ ಆಶೀರ್ವಾದವನ್ನು ಕೇಳದೆಯೇ ಬರೆಯುತ್ತಿದ್ದೇನೆ. ನಿನಗದು ಯಾವಾಗಲೂ ಇದ್ದದ್ದೇ. ಬೆನ್ನು ಜೋಪಾನ.

ನಿನ್ನ
ಅಣ್ಣ

ತಾ.ಕ.: ಕಾಗದ ಅಂಟಿಸುವ ಮೊದಲು ಇದನ್ನೂ ಬರೆದುಬಿಡುತ್ತೇನೆ. ನಿನ್ನೆ ಮನೆಗಾಡಿಗಳನ್ನು ಬಾಡಿಗೆಗೆ ಕೊಡುವ ಹೆಂಗಸೊಬ್ಬರು ಬಂದು ಗಾಡಿ ನೋಡಿ, ತಮಗೂ ಇಂಥವೇ ಬೇಕು, ಇದು ಯಾರ ಯೋಚನೆ ಎಂದು ಕೇಳಿದರು. "ನಂದೇ" ಅಂದುಬಿಟ್ಟೆ. ಅಮ್ಮ ಅಲ್ಲೇ ಇದ್ದಳು. ಎದ್ದು ಒಳಗೆ ಹೋದಳು. ಆಗಿನಿಂದ ನನ್ನ ಜೊತೆ ಮಾತಿಲ್ಲ. ಗುರುವಾರ ಅವರು ಮತ್ತೆ ಬರುತ್ತಾರೆ. ನೀನು ಬಂದರೂ ನಿಜ ಹೇಳುತ್ತೇನೆ, ಬಾರದಿದ್ದರೂ ಹೇಳುತ್ತೇನೆ. ಬಾ.